ನಡುಗುವ ಕೈ ಮತ್ತು 470 ಕಿಲೋಮೀಟರ್ ದಾರಿ

ನಮ್ಮ ಬೈಲಹೊಂಗಲ ಕಡೆ ಕೈ ನಡುಗಿದರೆ ಅದನ್ನು ಯಾರೂ ರೋಗ ಅಂತ ಕರೆಯುವುದಿಲ್ಲ. ‘ವಯಸ್ಸಾತಲ್ಲ’ ಅಂತಾರೆ. ಇಲ್ಲಾ ‘ನಿಶ್ಶಕ್ತಿ ಆಗೇತಿ, ಎರಡು ಸಲಾಯಿನ್ ಹಾಕಸ್ರಿ’ ಅಂತಾರೆ. ಕಿತ್ತೂರು, ಸವದತ್ತಿ, ರಾಮದುರ್ಗ, ಎಲ್ಲಿಗೆ ಹೋದರೂ ಮಾತು ಇದೇ. ನಡಿಗೆ ನಿಧಾನ ಆಗುವುದು, ಮುಖದಲ್ಲಿ ನಗು ಕಾಣದಂತಾಗುವುದು, ಅಕ್ಷರ ಸಣ್ಣದಾಗುವುದು, ಒಗ್ಗರಣೆ ವಾಸನೆ ಗೊತ್ತಾಗದೇ ಇರುವುದು ಎಲ್ಲವೂ ಒಂದೇ ಕಾಯಿಲೆಯ ಲಕ್ಷಣ ಇರಬಹುದು ಅನ್ನುವುದು ತಿಳಿಯುವಷ್ಟರಲ್ಲಿ ಎರಡು ಮೂರು ವರ್ಷ ಕಳೆದಿರುತ್ತದೆ.

ನಮ್ಮ ಕಾಕಾ ಸವದತ್ತಿ ತಾಲೂಕಿನಲ್ಲಿ ಪ್ರಾಥಮಿಕ ಶಾಲೆ ಮಾಸ್ತರ್ ಆಗಿದ್ದವರು. ಬೋರ್ಡಿನ ಮೇಲೆ ಮೂವತ್ತು ವರ್ಷ ದುಂಡಗೆ ಬರೆದ ಕೈ ಅದು. ಐವತ್ತೈದರ ಸುಮಾರಿಗೆ ಅವರ ಅಕ್ಷರ ಸಾಲಿನ ಶುರುವಿನಲ್ಲಿ ದೊಡ್ಡದಿದ್ದು, ಸಾಲಿನ ಕೊನೆಗೆ ಸಾಸಿವೆಯಷ್ಟು ಆಗತೊಡಗಿತು. ಆಮೇಲೆ ಬಲಗೈ ಹೆಬ್ಬೆರಳು ನಡುಗತೊಡಗಿತು. ಸಹಿ ಹೊಂದುತ್ತಿಲ್ಲ ಅಂತ ಬ್ಯಾಂಕಿನಿಂದ ಚೆಕ್ ವಾಪಸ್ ಬಂದ ಮೇಲೆಯೇ ಮನೆಯವರು ಧಾರವಾಡದ ನರರೋಗ ತಜ್ಞರ ಹತ್ತಿರ ಕರೆದುಕೊಂಡು ಹೋದದ್ದು. ಪಾರ್ಕಿನ್ಸನ್ ಅಂತ ಗೊತ್ತಾಯಿತು. ಎಂಟು ವರ್ಷ ಗುಳಿಗೆಯ ಮೇಲೆ ನಡೆಯಿತು. ಎರಡು ವರ್ಷದ ಹಿಂದೆ ಬೆಂಗಳೂರಿನಲ್ಲಿ ಅವರಿಗೆ ಡೀಪ್ ಬ್ರೇನ್ ಸ್ಟಿಮ್ಯುಲೇಶನ್ ಅನ್ನುವ ಶಸ್ತ್ರಚಿಕಿತ್ಸೆ ಆಯಿತು. ಚಿಕ್ಕದಾಗಿ ಅದಕ್ಕೆ ಡಿಬಿಎಸ್ ಅನ್ನುತ್ತಾರೆ.

ನಾನು ಡಾಕ್ಟರ್ ಅಲ್ಲ, ಸಾಫ್ಟ್‌ವೇರ್ ಎಂಜಿನಿಯರ್. ಬೆಂಗಳೂರಿನಲ್ಲಿ ಇರುವವ ನಾನೇ ಆದ್ದರಿಂದ ಫೈಲು ಹಿಡಿದು ಓಡಾಡುವ ಕೆಲಸ ನನಗೆ ಬಂತು. ಓಡಾಡುತ್ತಾ ಓದಿದ್ದು, ಕೇಳಿದ್ದು, ಕಂಡಿದ್ದು ಇಲ್ಲಿ ಬರೆಯುತ್ತಿದ್ದೇನೆ. ಈ ಶಸ್ತ್ರಚಿಕಿತ್ಸೆಯನ್ನು ಸುಧಾರಿಸಲು ಜಗತ್ತಿನಾದ್ಯಂತ ಕೆಲಸ ನಡೆದಿದೆ. ಅದರಲ್ಲಿ ನಮ್ಮಂಥ ಊರಿನ ಮನೆಗಳಿಗೆ ಯಾವ ಸುಧಾರಣೆ ನಿಜವಾಗಿ ಬೇಕು ಅನ್ನುವುದೇ ಈ ಸಲದ ವಿಷಯ.

ಗುಳಿಗೆ ಸೋಲುವ ಹೊತ್ತು

ಪಾರ್ಕಿನ್ಸನ್‌ನಲ್ಲಿ ಮೆದುಳಿನ ಆಳದಲ್ಲಿ ಡೋಪಮಿನ್ ತಯಾರಿಸುವ ಜೀವಕೋಶಗಳು ಒಂದೊಂದಾಗಿ ಸಾಯುತ್ತವೆ. ಕೈಕಾಲು ಸರಾಗವಾಗಿ ಆಡಲು ಈ ಡೋಪಮಿನ್ ಬೇಕೇ ಬೇಕು. ಕಡಿಮೆಯಾದದ್ದನ್ನು ತುಂಬಲು ಕೊಡುವುದು ಲೆವೊಡೋಪಾ ಗುಳಿಗೆ. 1960ರ ದಶಕದ ಕೊನೆಗೆ ಬಂದ ಈ ಔಷಧಿ ಇವತ್ತಿಗೂ ಈ ಕಾಯಿಲೆಯ ಮುಖ್ಯ ಆಧಾರ. ನಮ್ಮ ಹೊಲದ ಬದುವಿನಲ್ಲಿ ಬೆಳೆಯುವ, ಮೈಗೆ ತಾಗಿದರೆ ತುರಿಕೆ ಎಬ್ಬಿಸುವ ನಸುಗುನ್ನಿಯ ಬೀಜದಲ್ಲೂ ಇದೇ ಲೆವೊಡೋಪಾ ಇದೆ. ಹಾಗಂತ ಯಾರೂ ತಾವೇ ಕುಟ್ಟಿ ತಿನ್ನಬೇಡಿ, ಪ್ರಮಾಣ ಹೆಚ್ಚು ಕಡಿಮೆಯಾದರೆ ಕಷ್ಟ.

ಮೊದಲ ಕೆಲವು ವರ್ಷ ಗುಳಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಆಮೇಲೆ ಅದರ ಪ್ರಭಾವ ನಾಲ್ಕು ಗಂಟೆಯಿಂದ ಮೂರಕ್ಕೆ, ಮೂರರಿಂದ ಎರಡಕ್ಕೆ ಇಳಿಯುತ್ತದೆ. ಡೋಸ್ ಏರಿಸಿದರೆ ಮೈ ತಾನೇ ತಾನಾಗಿ ಹೊಯ್ದಾಡತೊಡಗುತ್ತದೆ. ಕಾಕಾ ಇದನ್ನು ಒಂದೇ ಮಾತಿನಲ್ಲಿ ಹೇಳುತ್ತಿದ್ದರು: ‘ತಮ್ಮಾ, ಗುಳಿಗಿ ಹತ್ತಿದಾಗ ನಾ ಮನಷ್ಯಾ, ಇಳದಾಗ ಕಟ್ಟಿಗಿ.’ ದಿನಕ್ಕೆ ಏಳು ಸಲ ಕಟ್ಟಿಗೆ, ಏಳು ಸಲ ಮನುಷ್ಯ. ಡಿಬಿಎಸ್ ಬಗ್ಗೆ ಯೋಚಿಸುವ ಹೊತ್ತು ಅದು.

ಸುಡುವುದರಿಂದ ಮಿಡಿಯುವುದಕ್ಕೆ

ನಡುಕಕ್ಕೆ ಮೆದುಳಿನ ಶಸ್ತ್ರಚಿಕಿತ್ಸೆ ಮಾಡುವುದು ಹೊಸದಲ್ಲ. ನಮ್ಮ ಬೆಂಗಳೂರಿಗೇ ಇದರಲ್ಲಿ ದೊಡ್ಡ ಹೆಸರಿದೆ. ನಿಮ್ಹಾನ್ಸ್‌ನ ಮೊದಲ ನಿರ್ದೇಶಕರಾಗಿದ್ದ ಡಾ. ಆರ್. ಮಾರ್ತಾಂಡ ವರ್ಮ ಅವರು, ಆ ಸಂಸ್ಥೆಗೆ ಇನ್ನೂ ನಿಮ್ಹಾನ್ಸ್ ಅನ್ನುವ ಹೆಸರು ಬರುವ ಮೊದಲೇ, ಪಾರ್ಕಿನ್ಸನ್‌ಗೆ ತಮ್ಮದೇ ಒಂದು ವಿಧಾನ ಕಂಡುಕೊಂಡಿದ್ದರು. ತಲೆಬುರುಡೆಯ ತಳದಲ್ಲಿ ನಿಸರ್ಗವೇ ಇಟ್ಟಿರುವ ಸಣ್ಣ ರಂಧ್ರದ ಮೂಲಕ ಸೂಜಿ ಕಳಿಸಿ ಮೆದುಳಿನ ಆಳ ಮುಟ್ಟುವ ವಿಧಾನ. ಬುರುಡೆ ಕೊರೆಯುವ ಕೆಲಸವೇ ಇಲ್ಲ. ಸ್ಕ್ಯಾನಿಂಗ್ ಯಂತ್ರಗಳು ಇಲ್ಲದ ಕಾಲದಲ್ಲಿ ಇದನ್ನು ಮಾಡಿದರು ಅನ್ನುವುದು ಗಮನಿಸಬೇಕಾದದ್ದು. ‘ವರ್ಮಾ ಟೆಕ್ನಿಕ್’ ಅಂತಲೇ ಅದು ಹೆಸರಾಯಿತು.

ಆ ಕಾಲದ ಶಸ್ತ್ರಚಿಕಿತ್ಸೆಗಳ ಸಾಮಾನ್ಯ ತತ್ವ ಒಂದೇ: ತಪ್ಪು ಸಂಕೇತ ಕಳಿಸುವ ಜಾಗವನ್ನು ನಾಶ ಮಾಡುವುದು. ಒಮ್ಮೆ ನಾಶ ಮಾಡಿದ್ದು ಮತ್ತೆ ಬರುವುದಿಲ್ಲ. 1987ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಡಾ. ಅಲಿಂ ಲೂಯಿ ಬೆನಾಬಿದ್ ಇದಕ್ಕೆ ಬೇರೆ ದಾರಿ ತೋರಿಸಿದರು. ಸುಡುವ ಮೊದಲು ಜಾಗ ಸರಿಯೇ ಅಂತ ಪರೀಕ್ಷಿಸಲು ಸಣ್ಣ ಕರೆಂಟ್ ಕೊಟ್ಟು ನೋಡುವುದು ವಾಡಿಕೆ. ಸೆಕೆಂಡಿಗೆ ನೂರು ಸಲದ ಆಸುಪಾಸಿನಲ್ಲಿ ಮಿಡಿತ ಕೊಟ್ಟಾಗ ನಡುಕ ನಿಂತೇಬಿಟ್ಟಿತು. ಹಾಗಾದರೆ ಸುಡುವುದೇಕೆ, ತಂತಿಯನ್ನೇ ಅಲ್ಲಿ ಬಿಟ್ಟು ಮಿಡಿತ ಕೊಡುತ್ತಾ ಇದ್ದರಾಯಿತಲ್ಲ ಅಂದರು. ಬೇಡವಾದರೆ ಬಂದ್ ಮಾಡಬಹುದು, ಹೆಚ್ಚು ಕಡಿಮೆ ಮಾಡಬಹುದು. ಅಮೆರಿಕದ ಎಫ್‌ಡಿಎ 1997ರಲ್ಲಿ ನಡುಕಕ್ಕೆ, 2002ರಲ್ಲಿ ಪಾರ್ಕಿನ್ಸನ್‌ನ ಇತರ ತೊಂದರೆಗಳಿಗೂ ಇದನ್ನು ಒಪ್ಪಿತು. ಕತ್ತು, ಕೈ ತಿರುಚಿಕೊಳ್ಳುವ ಡಿಸ್ಟೋನಿಯಾಕ್ಕೂ ಇದನ್ನು ಮಾಡುತ್ತಾರೆ.

ಸುಡುವ ವಿಧಾನ ಪೂರ್ತಿ ಹೋಗಿಲ್ಲ. 2017ರಲ್ಲಿ ಬೆಂಗಳೂರಿನ ಭಗವಾನ್ ಮಹಾವೀರ ಜೈನ್ ಆಸ್ಪತ್ರೆಯಲ್ಲಿ ಒಬ್ಬ ಯುವಕ ಆಪರೇಶನ್ ಟೇಬಲ್ ಮೇಲೆ ಗಿಟಾರ್ ನುಡಿಸಿದ ಸುದ್ದಿ ನೀವೂ ಓದಿರಬಹುದು. ಗಿಟಾರ್ ಹಿಡಿದಾಗ ಮಾತ್ರ ಬೆರಳು ಸೆಟೆದುಕೊಳ್ಳುವ ಡಿಸ್ಟೋನಿಯಾ ಅವರದು. ಅಲ್ಲಿ ಮಾಡಿದ್ದು ಡಿಬಿಎಸ್ ಅಲ್ಲ, ಸಣ್ಣ ಜಾಗವೊಂದನ್ನು ಸುಟ್ಟದ್ದು. ಯಾರಿಗೆ ಯಾವುದು ಸರಿ ಅನ್ನುವುದು ಕಾಯಿಲೆಯ ಮೇಲೆ ನಿಂತಿದೆ.

ಅಲಸಂದಿ ಕಾಳಿನಷ್ಟು ಗುರಿ

ಪಾರ್ಕಿನ್ಸನ್‌ನಲ್ಲಿ ಹೆಚ್ಚಾಗಿ ಗುರಿ ಇಡುವುದು ಸಬ್‌ಥಲಾಮಿಕ್ ನ್ಯೂಕ್ಲಿಯಸ್ ಅನ್ನುವ ಜಾಗಕ್ಕೆ. ಮೆದುಳಿನ ಎರಡೂ ಬದಿಗೆ ಒಂದೊಂದು, ಅಲಸಂದಿ ಕಾಳಿಗಿಂತ ತುಸು ದೊಡ್ಡದು ಅಷ್ಟೇ. ಎಂಆರ್‌ಐ ನೋಡಿ ದಾರಿ ಲೆಕ್ಕ ಹಾಕಿ, ತಲೆಗೆ ಲೋಹದ ಚೌಕಟ್ಟು ಬಿಗಿದು, ಸುಮಾರು 1.3 ಮಿಲಿಮೀಟರ್ ದಪ್ಪದ ತಂತಿಯನ್ನು ಅಲ್ಲಿಗೆ ಇಳಿಸುತ್ತಾರೆ. ಆಮೇಲೆ ಎದೆಯ ಚರ್ಮದ ಕೆಳಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಬ್ಯಾಟರಿ ಯಂತ್ರ ಇಟ್ಟು, ಕುತ್ತಿಗೆಯ ಒಳಗಿನಿಂದಲೇ ತಂತಿ ಜೋಡಿಸುತ್ತಾರೆ.

ತಂತಿ ಇಳಿಸುವಾಗ ಕಾಕಾ ಎಚ್ಚರವಾಗಿದ್ದರು. ಮೆದುಳಿಗೆ ನೋವು ಗೊತ್ತಾಗುವುದಿಲ್ಲ, ಚರ್ಮಕ್ಕೆ ಮಾತ್ರ ಮರಗಟ್ಟುವ ಇಂಜೆಕ್ಷನ್ ಸಾಕು. ಗುರಿ ಹತ್ತಿರವಾದಂತೆ ನರಕೋಶಗಳ ಸದ್ದು ಸ್ಪೀಕರಿನಲ್ಲಿ ಕೇಳುತ್ತದೆ. ಡಾಕ್ಟರು ಕೈ ಮುಷ್ಟಿ ಮಾಡಿ ಬಿಡಿ, ವಾರಗಳ ಹೆಸರು ಹೇಳಿ ಅನ್ನುತ್ತಾರೆ. ಕಾಕಾ ವಾರ ಮುಗಿಸಿ, ಯಾರೂ ಕೇಳದಿದ್ದರೂ ಮಗ್ಗಿ ಶುರು ಮಾಡಿದರಂತೆ. ಹೊರಗೆ ಬಂದ ಮೇಲೆ ಅಂದರು: ‘ಹತ್ತೊಂಬತ್ತರ ಮಗ್ಗಿತನಕ ಹೇಳಿದ್ನಿ. ತಲಿ ಒಳಗ ಏನೂ ಕೆಟ್ಟಿಲ್ಲ ಅಂತ ನನಗೂ ಗೊತ್ತಾಗಬೇಕಲ್ಲ?’

ಸುಧಾರಣೆ ಎಲ್ಲೆಲ್ಲಿ ಆಗಿದೆ?

ಮೊದಲನೆಯದು ಗುರಿ ಕಾಣುವುದರಲ್ಲಿ. ಎಂಆರ್‌ಐ ಚಿತ್ರ ಸ್ಪಷ್ಟವಾದಂತೆ, ಎಚ್ಚರ ಇರಲು ಆಗದವರಿಗೆ ಪೂರ್ತಿ ಅರಿವಳಿಕೆ ಕೊಟ್ಟು, ಆಪರೇಶನ್ ನಡೆಯುವಾಗಲೇ ಸ್ಕ್ಯಾನ್ ಮಾಡಿ ತಂತಿ ಇಡುವುದು ಸಾಧ್ಯವಾಗಿದೆ.

ಎರಡನೆಯದು ತಂತಿಯಲ್ಲಿ. ಹಳೆಯ ತಂತಿಯ ತುದಿಯಲ್ಲಿ ನಾಲ್ಕು ಉಂಗುರ ಇದ್ದವು. ಕರೆಂಟ್ ಸುತ್ತಲೂ ಸಮನಾಗಿ ಹರಡುತ್ತಿತ್ತು. ಕಾಳಿನ ಪಕ್ಕದಲ್ಲೇ ಮಾತು, ಮುಖದ ಸ್ನಾಯುಗಳಿಗೆ ಹೋಗುವ ನರಗಳ ಕಟ್ಟು ಇದೆ. ಅದಕ್ಕೆ ತಾಗಿದರೆ ನಾಲಿಗೆ ತೊದಲುತ್ತದೆ, ಮುಖ ಎಳೆಯುತ್ತದೆ. ಹೊಸ ತಂತಿಯಲ್ಲಿ ಮಧ್ಯದ ಉಂಗುರಗಳನ್ನು ಮೂರು ಮೂರು ಹೋಳು ಮಾಡಿದ್ದಾರೆ. ಹೊಲಕ್ಕೆ ನೀರು ಬಿಡುವಾಗ ಬೇಡವಾದ ಕಡೆ ಮಣ್ಣು ಹಾಕಿ ಬೇಕಾದ ಸಾಲಿಗೆ ಮಾತ್ರ ತಿರುಗಿಸುತ್ತೇವಲ್ಲ, ಹಾಗೆ ಕರೆಂಟನ್ನು ಒಂದು ದಿಕ್ಕಿಗೆ ತಿರುಗಿಸಬಹುದು.

ಮೂರನೆಯದು ಬ್ಯಾಟರಿಯಲ್ಲಿ. ಚಾರ್ಜ್ ಮಾಡಲಾಗದ ಬ್ಯಾಟರಿ ಸಾಮಾನ್ಯವಾಗಿ ಮೂರರಿಂದ ಐದು ವರ್ಷ ಬರುತ್ತದೆ. ಆಮೇಲೆ ಎದೆಯಲ್ಲಿ ಮತ್ತೊಂದು ಸಣ್ಣ ಆಪರೇಶನ್ ಮಾಡಿ ಬದಲಿಸಬೇಕು. ಚಾರ್ಜ್ ಆಗುವಂಥದ್ದು ಹತ್ತು ಹದಿನೈದು ವರ್ಷ ಬರುತ್ತದೆ, ಬೆಲೆ ಜಾಸ್ತಿ. ಇದನ್ನು ವಿವರಿಸುವಾಗ ನಮ್ಮ ಕಾಕು ಕೇಳಿದ ಪ್ರಶ್ನೆ ನನಗೆ ಯಾವ ಡಿಸೈನ್ ರಿವ್ಯೂನಲ್ಲೂ ಯಾರೂ ಕೇಳಿರಲಿಲ್ಲ: ‘ನಮ್ಮೂರಾಗ ಕರೆಂಟ್ ಹೋದ್ರ ಇವ್ರೂ ಬಂದ್ ಆಗ್ತಾರೇನ್ರಿ ಡಾಕ್ಟರ್?’ ಡಾಕ್ಟರು ನಕ್ಕರು, ಆದರೆ ಉತ್ತರ ಗಂಭೀರವಾಗಿಯೇ ಕೊಟ್ಟರು. ಇಲ್ಲ, ವಾರಕ್ಕೊಮ್ಮೆ ಸ್ವಲ್ಪ ಹೊತ್ತು ಚಾರ್ಜರನ್ನು ಎದೆಯ ಮೇಲೆ ಇಟ್ಟುಕೊಂಡರೆ ಸಾಕು, ಒಂದೆರಡು ದಿನ ಕರೆಂಟ್ ಇಲ್ಲದಿದ್ದರೆ ಏನೂ ಆಗುವುದಿಲ್ಲ.

ನಾಲ್ಕನೆಯದು ಯಂತ್ರಕ್ಕೆ ಬಂದ ಕಿವಿ. ಪಾರ್ಕಿನ್ಸನ್ ಇರುವವರ ಮೆದುಳಿನ ಆ ಭಾಗದಲ್ಲಿ ಸೆಕೆಂಡಿಗೆ 13ರಿಂದ 30 ಸಲದ ಒಂದು ಅಲೆ ಜೋರಾಗಿರುತ್ತದೆ, ಅದಕ್ಕೆ ಬೀಟಾ ಅನ್ನುತ್ತಾರೆ. ಗುಳಿಗೆ ಹತ್ತಿದಾಗ ಅದು ಇಳಿಯುತ್ತದೆ. ಹಳೆಯ ಯಂತ್ರ ಇದನ್ನು ಕೇಳಿಸಿಕೊಳ್ಳದೇ ಹಗಲು ರಾತ್ರಿ ಒಂದೇ ಪ್ರಮಾಣದಲ್ಲಿ ಮಿಡಿತ ಕೊಡುತ್ತಿತ್ತು. ಹೊಸ ಯಂತ್ರ ಅದೇ ತಂತಿಯಿಂದ ಅಲೆಯನ್ನು ಅಳೆದು, ಏರಿದಾಗ ಮಿಡಿತ ಏರಿಸುತ್ತದೆ, ಇಳಿದಾಗ ಇಳಿಸುತ್ತದೆ. ಮೆಡ್‌ಟ್ರಾನಿಕ್ ಕಂಪನಿಯ ಇಂಥ ಯಂತ್ರಕ್ಕೆ ಎಫ್‌ಡಿಎ 2025ರ ಫೆಬ್ರುವರಿಯಲ್ಲಿ ಒಪ್ಪಿಗೆ ಕೊಟ್ಟಿತು.

ಇನ್‌ಸ್ಟಾಲ್ ಒಂದು ದಿನ, ಟ್ಯೂನಿಂಗ್ ವರ್ಷಗಟ್ಟಲೆ

ಇಷ್ಟೆಲ್ಲ ಓದಿದರೆ ಆಪರೇಶನ್ನೇ ದೊಡ್ಡ ಘಟ್ಟ ಅನ್ನಿಸುತ್ತದೆ. ನಮ್ಮ ಮನೆಯ ಅನುಭವ ಬೇರೆ. ನನ್ನ ಕೆಲಸದಲ್ಲೂ ಸಾಫ್ಟ್‌ವೇರ್ ಹಾಕುವುದು ಒಂದು ದಿನದ ಮಾತು. ಗಿರಾಕಿಯ ಜಾಗಕ್ಕೆ ಹೊಂದುವ ಹಾಗೆ ಸೆಟ್ಟಿಂಗ್ ಮಾಡುವುದರಲ್ಲೇ ಜೀವ ಹೋಗುತ್ತದೆ.

ಡಿಬಿಎಸ್ ಯಂತ್ರವನ್ನು ಆಪರೇಶನ್ ಆಗಿ ಕೆಲವು ವಾರ ಬಿಟ್ಟು ಶುರು ಮಾಡುತ್ತಾರೆ. ಯಾವ ಉಂಗುರ, ಎಷ್ಟು ಕರೆಂಟ್, ಒಂದೊಂದು ಮಿಡಿತ ಎಷ್ಟು ಹೊತ್ತು, ಸೆಕೆಂಡಿಗೆ ಎಷ್ಟು ಸಲ, ಈ ನಾಲ್ಕನ್ನೂ ಕೂಡಿಸಿದರೆ ಸಾವಿರಾರು ಜೋಡಣೆಗಳು. ಡಾಕ್ಟರು ಒಂದೊಂದೇ ಬದಲಿಸುತ್ತಾ ಮಣಿಕಟ್ಟು ತಿರುಗಿಸಿ ನೋಡುತ್ತಾರೆ, ನಡೆಸಿ ನೋಡುತ್ತಾರೆ, ಮಾತಾಡಿಸಿ ನೋಡುತ್ತಾರೆ. ಮಿಡಿತ ಏರಿದಂತೆ ಗುಳಿಗೆ ಇಳಿಸಬೇಕು. ನಡುಕ ಕೆಲವೊಮ್ಮೆ ಕೂಡಲೇ ನಿಲ್ಲುತ್ತದೆ, ಆದರೆ ನಡಿಗೆಯಲ್ಲಿ ಆಗುವ ಬದಲಾವಣೆ ತಿಳಿಯಲು ದಿನಗಳೇ ಬೇಕು.

ಬೈಲಹೊಂಗಲದಿಂದ ಬೆಂಗಳೂರಿಗೆ ಸುಮಾರು 470 ಕಿಲೋಮೀಟರ್. ಮೊದಲ ಆರು ತಿಂಗಳಲ್ಲಿ ಕಾಕಾ ಐದು ಸಲ ಬಂದರು. ಹೋಗಿ ಬಂದ ಲೆಕ್ಕ ಹಿಡಿದರೆ 4,700 ಕಿಲೋಮೀಟರ್, ಶ್ರೀನಗರದಿಂದ ಕನ್ಯಾಕುಮಾರಿಗಿಂತ ಜಾಸ್ತಿ. ಅದರಲ್ಲೂ ಟ್ಯೂನಿಂಗ್ ದಿನ ಬೆಳಗಿನ ಗುಳಿಗೆ ತೆಗೆದುಕೊಳ್ಳದೇ ಬರಬೇಕು, ಇಲ್ಲದಿದ್ದರೆ ಯಂತ್ರ ಎಷ್ಟು ಕೆಲಸ ಮಾಡುತ್ತಿದೆ ಅನ್ನುವುದು ತಿಳಿಯುವುದಿಲ್ಲ. ರಾತ್ರಿ ಬಸ್ಸು, ಗುಳಿಗೆ ಇಲ್ಲ, ಮೈ ಕಟ್ಟಿಗೆ. ಇಳಿಯುವಾಗ ನಾನೂ ಕಂಡಕ್ಟರೂ ಸೇರಿ ಹಿಡಿಯಬೇಕು. ಎರಡನೇ ಸಲಕ್ಕೇ ಕಾಕಾ ಅಂದುಬಿಟ್ಟರು: ‘ತಲಿಗೆ ತೂತು ಹೊಡದಾಗ ತ್ರಾಸ ಆಗ್ಲಿಲ್ಲೋ ತಮ್ಮಾ, ಈ ಬಸ್ಸಿನ್ಯಾಗ ಆಗಾಕತ್ತೇತಿ.’

ನನಗೊಬ್ಬನಿಗೆ ಬೆಂಗಳೂರಿನಲ್ಲಿ ಬಾಡಿಗೆ ಮನೆ ಇದೆ, ಕಾಕಾಗೆ ಪಿಂಚಣಿ ಇದೆ. ರಾಮದುರ್ಗದ ಹಳ್ಳಿಯಿಂದ ಮೊದಲು ಧಾರವಾಡ, ಅಲ್ಲಿಂದ ಬೆಂಗಳೂರು ಅಂತ ಬರುವ ನೇಕಾರರ ಮನೆಗೆ? ಒಬ್ಬರು ರೋಗಿ, ಜೊತೆಗೆ ಒಬ್ಬರು, ಇಬ್ಬರ ಮಗ್ಗವೂ ಮೂರು ದಿನ ನಿಲ್ಲುತ್ತದೆ. ಟ್ಯೂನಿಂಗ್‌ಗೆ ಬರಲಾಗದೇ ಅರ್ಧಕ್ಕೆ ಬಿಟ್ಟರೆ, ಲಕ್ಷಗಟ್ಟಲೆ ಕೊಟ್ಟು ಹಾಕಿಸಿದ ಯಂತ್ರ ಅರ್ಧ ಕೆಲಸ ಮಾಡುತ್ತಾ ಎದೆಯಲ್ಲಿ ಕುಳಿತಿರುತ್ತದೆ.

ಅದಕ್ಕೇ ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡ ಸುಧಾರಣೆ ದಾರಿ ಕಡಿಮೆ ಮಾಡುವುದು. ತಂತ್ರಜ್ಞಾನ ಬಂದಿದೆ. ವಿಡಿಯೊ ಕಾಲ್‌ನಲ್ಲಿ ರೋಗಿಯನ್ನು ನೋಡುತ್ತಾ ದೂರದಿಂದಲೇ ಯಂತ್ರದ ಸೆಟ್ಟಿಂಗ್ ಬದಲಿಸುವುದನ್ನು ಚೀನಾದ ವೈದ್ಯರು 2020ರ ಕೋವಿಡ್ ಹೊತ್ತಿನಲ್ಲಿ ಬಳಸಿದರು. ಅಮೆರಿಕದಲ್ಲಿ ಆಬಟ್ ಕಂಪನಿಯ ಇಂಥ ವ್ಯವಸ್ಥೆಗೆ 2021ರಲ್ಲಿ ಒಪ್ಪಿಗೆ ಸಿಕ್ಕಿತು. ಸಂಪರ್ಕ ಮಧ್ಯದಲ್ಲಿ ಕಡಿದುಹೋದರೆ ಹಳೆಯ ಸುರಕ್ಷಿತ ಸೆಟ್ಟಿಂಗ್‌ಗೆ ಮರಳುವ ಏರ್ಪಾಡು ಇರಬೇಕು, ಬೇರೆಯವರು ಒಳನುಗ್ಗದಂತೆ ಬೀಗವೂ ಇರಬೇಕು. ಎಂಜಿನಿಯರ್ ಆಗಿ ನಾನು ಮೊದಲು ಕೇಳುವುದು ಇವೆರಡನ್ನೇ.

ಯಂತ್ರದಷ್ಟೇ ಮುಖ್ಯ ಮನುಷ್ಯರು. ಬೆಳಗಾವಿ, ಧಾರವಾಡ, ಹುಬ್ಬಳ್ಳಿಯಲ್ಲಿ ನರರೋಗ ತಜ್ಞರಿದ್ದಾರೆ. ಆಪರೇಶನ್ ಬೆಂಗಳೂರಿನಲ್ಲೇ ಆಗಲಿ, ಟ್ಯೂನಿಂಗ್ ಮಾತ್ರ ಇಲ್ಲೇ ಆಗುವಂತೆ ತರಬೇತಿ, ಪ್ರೋಗ್ರಾಮರ್ ಯಂತ್ರ ಇಲ್ಲಿಗೆ ಬಂದರೆ ಸಾಕು, 470 ಕಿಲೋಮೀಟರ್ ಹೋಗಿ ಐವತ್ತು ಆಗುತ್ತದೆ. ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ ಸೇರಿ 2022ರಲ್ಲಿ ಶುರು ಮಾಡಿದ ಕರ್ನಾಟಕ ಬ್ರೇನ್ ಹೆಲ್ತ್ ಇನಿಶಿಯೇಟಿವ್ ಇದೇ ಯೋಚನೆಯದು: ತಲೆನೋವು, ಮೂರ್ಛೆ, ಪಾರ್ಶ್ವವಾಯು, ಮರೆವಿನ ಕಾಯಿಲೆಗಳನ್ನು ಊರಿನ ವೈದ್ಯರೇ ಗುರುತಿಸುವಂತೆ ತರಬೇತಿ ಕೊಡುವುದು. ನಡುಕದ ಕಾಯಿಲೆಗೂ ಅದೇ ದಾರಿ ಬೇಕು.

ಒಪ್ಪಿಗೆ ಸಹಿ ಹಾಕುವ ಮೊದಲು

ಡಿಬಿಎಸ್ ಕಾಯಿಲೆಯನ್ನು ವಾಸಿ ಮಾಡುವುದಿಲ್ಲ, ಅದು ಮುಂದುವರಿಯುವುದನ್ನು ತಡೆಯುವುದೂ ಇಲ್ಲ. ಕಾಕಾನ ಗುಳಿಗೆ ಅರ್ಧಕ್ಕೆ ಇಳಿದಿದೆ, ಕಟ್ಟಿಗೆಯಾಗುವ ಹೊತ್ತು ಹೆಚ್ಚುಕಡಿಮೆ ಹೋಗಿದೆ, ತಾವೇ ಗುಂಡಿ ಹಾಕಿಕೊಂಡು ಪೇಟೆಗೆ ಹೋಗುತ್ತಾರೆ. ಆದರೆ ದನಿ ಮೊದಲಿಗಿಂತ ಸಣ್ಣದಾಗಿದೆ. ‘ಮಾಸ್ತರ್ ದನಿ ಹಿಂದಿನ ಬೆಂಚಿಗೆ ಕೇಳ್ತಿತ್ತು, ಈಗ ಅಡಿಗಿ ಮನಿಗೂ ಕೇಳವಲ್ದು’ ಅಂತ ಕಾಕು ಬೇಜಾರು ಮಾಡಿಕೊಳ್ಳುತ್ತಾರೆ. ಇದು ಈ ಚಿಕಿತ್ಸೆಯ ಗೊತ್ತಿರುವ ಅಡ್ಡಪರಿಣಾಮ. ನೂರರಲ್ಲಿ ಒಂದೆರಡು ಮಂದಿಗೆ ಮೆದುಳಿನಲ್ಲಿ ರಕ್ತಸ್ರಾವ ಆಗಬಹುದು, ಕೆಲವರಿಗೆ ಸೋಂಕು ತಗಲಬಹುದು. ಖರ್ಚು ಸಾಮಾನ್ಯವಾಗಿ ಹತ್ತು ಲಕ್ಷ ದಾಟುತ್ತದೆ, ಅದರಲ್ಲಿ ದೊಡ್ಡ ಪಾಲು ಯಂತ್ರದ್ದೇ.

ನಿಮ್ಮ ಮನೆಯಲ್ಲೂ ಈ ಮಾತು ಬಂದರೆ ಈ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಗುಳಿಗೆ ಬಿಟ್ಟಾಗ ಮತ್ತು ಕೊಟ್ಟ ಮೇಲೆ ಅಳೆದು ನೋಡುವ ಪರೀಕ್ಷೆ ಮಾಡಿದ್ದೀರಾ? ಅದರಲ್ಲಿ ಮೂರನೇ ಒಂದು ಭಾಗವಾದರೂ ಸುಧಾರಣೆ ಕಾಣಬೇಕು. ನಡುಕ ಒಂದನ್ನು ಬಿಟ್ಟರೆ, ಗುಳಿಗೆಗೆ ಬಗ್ಗದ ತೊಂದರೆ ಡಿಬಿಎಸ್‌ಗೂ ಬಗ್ಗುವುದು ಕಡಿಮೆ. ನೆನಪಿನ ಶಕ್ತಿ, ಮನಸ್ಸಿನ ಸ್ಥಿತಿ ಪರೀಕ್ಷಿಸಿದ್ದೀರಾ? ಮರೆವು ಹೆಚ್ಚಾಗಿದ್ದರೆ ಈ ಆಪರೇಶನ್ ಬೇಡ ಅನ್ನುತ್ತಾರೆ. ಬ್ಯಾಟರಿ ಯಾವುದು, ಮುಂದೆ ಬದಲಿಸುವ ಖರ್ಚು ಎಷ್ಟು? ಟ್ಯೂನಿಂಗ್ ಯಾರು ಮಾಡುತ್ತಾರೆ, ಮೊದಲ ವರ್ಷ ಎಷ್ಟು ಸಲ ಬರಬೇಕು, ದೂರದಿಂದ ಮಾಡುವ ಸೌಲಭ್ಯ ಈ ಯಂತ್ರಕ್ಕೆ ಇದೆಯಾ? ಮನೆಯಲ್ಲೇ ಸ್ವಲ್ಪ ಏರಿಸಿ ಇಳಿಸಲು ರೋಗಿಗೆ ರಿಮೋಟ್ ಕೊಡುತ್ತೀರಾ?

ಇನ್ನೊಂದು ಮಾತು, ಊರಿನಲ್ಲಿ ಇದನ್ನು ಯಾರೂ ಹೇಳುವುದಿಲ್ಲ. ಯಂತ್ರ ಹಾಕಿಸಿಕೊಂಡವರು ಮೊಣಕಾಲು ನೋವು, ಬೆನ್ನು ನೋವು ಅಂತ ಡಯಾಥರ್ಮಿ ಶಾಖ ತೆಗೆದುಕೊಳ್ಳಲೇಬಾರದು. ಆ ಶಾಖ ತಂತಿಯಲ್ಲಿ ಹರಿದು ಮೆದುಳನ್ನು ಸುಡಬಹುದು. ಎಂಆರ್‌ಐ ಮಾಡಿಸುವ ಮೊದಲೂ ಯಂತ್ರದ ಕಾರ್ಡ್ ತೋರಿಸಬೇಕು. ಆ ಕಾರ್ಡಿನ ಜೆರಾಕ್ಸ್ ಒಂದನ್ನು ಪಾಕೀಟಿನಲ್ಲಿ, ಇನ್ನೊಂದನ್ನು ನಿಮ್ಮ ಊರಿನ ಡಾಕ್ಟರ ಹತ್ತಿರ ಇಡಿ.

ಮನೆಯ ಹಿರಿಯರ ಅಕ್ಷರ ಸಣ್ಣದಾಗಿದ್ದರೆ, ನಡೆಯುವಾಗ ಒಂದು ಕೈ ಬೀಸದೇ ಸುಮ್ಮನಿದ್ದರೆ, ಸಲಾಯಿನ್ ಹಾಕಿಸುವ ಮೊದಲು ಒಮ್ಮೆ ನರರೋಗ ತಜ್ಞರಿಗೆ ತೋರಿಸಿ. ಎಲ್ಲರಿಗೂ ಆಪರೇಶನ್ ಬೇಕಾಗುವುದಿಲ್ಲ, ಬಹಳಷ್ಟು ಜನರಿಗೆ ಗುಳಿಗೆಯೇ ಸಾಕಾಗುತ್ತದೆ. ಆದರೆ ಬೇಗ ಗೊತ್ತಾದರೆ ಯೋಚಿಸಲು, ಕೇಳಲು, ದುಡ್ಡು ಹೊಂದಿಸಲು ವೇಳೆ ಸಿಗುತ್ತದೆ.